ಕೆಂಪಿ ಮತ್ತು ಕಂಪ್ಯೂಟರು

ಗುಟ್ಟು ಅನ್ನೋದು ನಮ್ಮ ಆಫೀಸಿನಲ್ಲಿ ಮಧ್ಯಾಹ್ನದ ಊಟದ ತನಕ ಉಳಿದದ್ದೇ ಇಲ್ಲ. ನಾಗಮಂಗಲದಲ್ಲಿ ಕೊಬ್ಬರಿ ಕೊಂಡು ಬೆಂಗಳೂರಿಗೆ ಕಳಿಸೋ ಕಂಪನಿಯ ಸಣ್ಣ ಶಾಖೆ. ಮ್ಯಾನೇಜರು, ಅಟೆಂಡರಣ್ಣ, ಟೈಪಿಸ್ಟು ನಾನು, ಮೂರೇ ಜನ. ಒಬ್ಬರ ಬಾಯಲ್ಲೂ ಎಳ್ಳು ನೆನೆಯೋದಿಲ್ಲ. ಇಂಥ ಜಾಗಕ್ಕೆ ತೊಂಬತ್ತೊಂಬತ್ತರಲ್ಲಿ ಇಂಟರ್ನೆಟ್ಟು ಬಂದರೆ ಏನಾಗಬೇಕೋ ಅದೇ ಆಯಿತು.

೧. ಹೆಸರಿಟ್ಟದ್ದು

ಹೆಡ್ ಆಫೀಸಿನವರು ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಹಾಕಿಕೊಟ್ಟರು. ಅದರಲ್ಲಿ ಬರೆದು ಕಳಿಸಬಹುದು, ಮಾತೂ ಆಡಬಹುದು. ಜೊತೆಗೊಂದು ಕಾಗದ: "ಪಾಸ್‌ವರ್ಡ್ ಯಾರಿಗೂ ಹೇಳಕೂಡದು. ಸ್ವಂತದ ಮಾತಿಗೆ ಬಳಸಕೂಡದು."

ಅಟೆಂಡರಣ್ಣನ ಒಬ್ಬಳೇ ಮಗಳು ಮಸ್ಕತ್ತಿನಲ್ಲಿ ತುಂಬು ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರೋಕಾಗಿರಲಿಲ್ಲ. ಅಳಿಯ ಕಂಪ್ಯೂಟರ್ ರಿಪೇರಿಯವನು, ಮನೆಯಲ್ಲೇ ಒಂದಿತ್ತು. "ಇದ್ರಲ್ಲಿ ಮಸ್ಕತ್ತಿಗೂ ಮಾತಾಡ್ಬೋದಾ ಸಾ?" ಅಂದರು ಅಟೆಂಡರಣ್ಣ. ಮ್ಯಾನೇಜರು ಕಾಗದ ನೋಡಿದರು, ಅವರ ಮುಖ ನೋಡಿದರು, ಕಾಗದ ಮಡಿಸಿ ಡ್ರಾಯರಿಗೆ ಹಾಕಿದರು. ಅವತ್ತಿಂದ ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಮಗಳ ದನಿ ಬರತೊಡಗಿತು.

ಪಾಸ್‌ವರ್ಡೂ ಅಟೆಂಡರಣ್ಣನದೇ. "ನಮ್ ಅಸ ಕೆಂಪಿ ಎಸ್ರು ಇಡಿ ಸಾ. ಬೆಂಗ್ಳೂರಲ್ಲಿ ಯಾರ್ಗೂ ಗೊತ್ತಿಲ್ಲ."

ಬೆಂಗಳೂರಿನವರಿಗೆ ಗೊತ್ತಿರಲಿಲ್ಲ, ನಿಜ. ಆದರೆ ಹಗ್ಗ ಬಿಚ್ಚಿಕೊಂಡು ಹೋಗೋ ಆ ಹಸುವನ್ನು ದಿನಾ ಸಂಜೆ "ಕೆಂಪೀ, ಲೇ ಕೆಂಪೀ" ಅಂತ ಅವರು ಕೂಗಿ ಹುಡುಕದ ಬೀದಿ ನಮ್ಮೂರಲ್ಲಿ ಇರಲಿಲ್ಲ.

೨. ರೇಟು

ಬೆಂಗಳೂರು ದೂರ, ಅದಕ್ಕೆ ಜೋರಾಗಿ ಮಾತಾಡಬೇಕು ಅಂತ ಮ್ಯಾನೇಜರ ನಂಬಿಕೆ. ಮೊದಲ ದಿನವೇ ಮೈಕಿಗೆ ಬಾಯಿಟ್ಟು, ಮಾರನೇ ದಿನ ನಾವು ಕೊಡೋ ಕೊಬ್ಬರಿ ರೇಟನ್ನು ಮೂರು ಸಲ ಕೂಗಿದರು. ಆ ಕಡೆಯ ಸಾಹೇಬರು ಸ್ಪೀಕರಿನಲ್ಲಿ, "ಇದು ಬಹಳ ಗುಟ್ಟು ಕಣ್ರೀ!" ಅಂತ ಇನ್ನೂ ಜೋರಾಗಿ ಕೂಗಿದರು.

ಎದುರು ಮಂಡಿಯವನು ಗಲ್ಲಾದಿಂದ ಎದ್ದು ನಿಂತು ಕೈ ಎತ್ತಿದ. "ಕೊನೇದು ಸರ್ಯಾಗಿ ಕೇಳ್ನಿಲ್ಲ ಸಾ, ಇನ್ನೊಂದ್ಸಲ ಏಳಿ!"

೩. ಸಂಕಲ್ಪ

ಆಯುಧ ಪೂಜೆಗೆ ಕಂಪ್ಯೂಟರಿಗೂ ಚೆಂಡುಹೂ ಏರಿಸಿದೆವು. ಕಡ್ಲೆಪುರಿಗೆ ಅಂತ ಅರ್ಧ ಬೀದಿ ಬಾಗಿಲಲ್ಲಿ ನಿಂತಿತ್ತು. ಮ್ಯಾನೇಜರು ಬಲು ದೈವಭಕ್ತರು. ನಮ್ಮ ಹೆಸರುಗಳ ಜೊತೆ ಪಾಸ್‌ವರ್ಡಿಗೂ ಒಂದು ರಕ್ಷೆ ಇರಲಿ ಅಂತ ಪುರೋಹಿತರ ಕಿವಿಯಲ್ಲಿ ಪಿಸುಗುಟ್ಟಿದರು. ಪುರೋಹಿತರಿಗೆ ಪಿಸುಮಾತು ಗೊತ್ತಿದ್ದರೆ ತಾನೆ!

"ಕೆಂಪಿ... ಗೋತ್ರ ಯಾವುದು?" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೇಳಿದರು.

ಅಟೆಂಡರಣ್ಣ ಕೈ ಮುಗಿದು, "ಗೋತ್ರ ಗೊತ್ತಿಲ್ಲ ಸಾಮಿ, ಜರ್ಸಿ ಕ್ರಾಸು" ಅಂದರು.

೪. ಬಾಣಂತನ

ಮಗಳಿಗೆ ಗಂಡುಮಗು ಆಯಿತು ಅಂತ ಅಳಿಯ ಬರೆದು ಕಳಿಸಿದ. ಬರೋ ಶನಿವಾರ ಮಗುವಿನ ದನಿ ಕೇಳಿಸ್ತೀನಿ ಅಂದಿದ್ದ. ಅಟೆಂಡರಣ್ಣನ ಹೆಂಡತಿ ಹತ್ತು ಗಂಟೆಗೇ ಒಗೆದ ಸೀರೆ ಉಟ್ಟು ಬಂದು ಕಂಪ್ಯೂಟರಿನ ಮುಂದೆ ಕೂತರು.

ಹತ್ತೂವರೆಗೆ ಬೆಂಗಳೂರಿನಿಂದ ಅಧಿಕಾರಿಯೊಬ್ಬರು ಇಳಿದರು! "ಈ ಶಾಖೆಯಿಂದ ವಿಷಯ ಎಲ್ಲ ಸೋರ್ತಾ ಇದೆ. ಪ್ರೋಗ್ರಾಂ ತೆಗೆಯೋಕೆ ಬಂದಿದ್ದೀನಿ. ಪಾಸ್‌ವರ್ಡ್ ಹೇಳಿ."

ಹೇಳಿದರೆ ಪ್ರೋಗ್ರಾಂ ಹೋಯಿತು. ಹೇಳದಿದ್ದರೆ ಅದು ತೆರೆಯೋದಿಲ್ಲ, ಕರೆ ಬರೋದಿಲ್ಲ.

"ಮರೆತುಹೋಗಿದೆ ಸಾರ್" ಅಂದರು ಮ್ಯಾನೇಜರು.

"ನಂಗೂ ಸಾರ್" ಅಂದೆ.

"ನನ್ಗೆ ಓದೋಕೇ ಬರಾಕಿಲ್ಲ ಸಾ" ಅಂದರು ಅಟೆಂಡರಣ್ಣ, ಕೈಯಲ್ಲಿ ಅವತ್ತಿನ ಪೇಪರು ಹಿಡಿದುಕೊಂಡೇ.

ಜೀವಮಾನದಲ್ಲಿ ಮೊದಲ ಸಲ ನಾವು ಒಂದು ಗುಟ್ಟು ಉಳಿಸಿಕೊಂಡಿದ್ದೆವು. ಗಡಿಯಾರ ಹನ್ನೊಂದು ಹೊಡೆಯಿತು. ಅಟೆಂಡರಣ್ಣನ ಹೆಂಡತಿ ಸೆರಗಿನಲ್ಲಿ ಕಣ್ಣು ಒತ್ತಿಕೊಂಡರು. ಅಧಿಕಾರಿ ಆಕೆಯನ್ನೇ ನೋಡಿದರು. ಆಮೇಲೆ ಕೀಬೋರ್ಡ್ ಎಳೆದುಕೊಂಡು ಟಕಟಕ ಅಂತ ಏನೋ ಒತ್ತಿದರು. ಪ್ರೋಗ್ರಾಂ ತೆರೆದುಕೊಂಡಿತು! ನಾವು ಮೂವರೂ ಬಾಯಿ ಬಿಟ್ಟುಕೊಂಡು ನಿಂತೆವು. ಅಷ್ಟರಲ್ಲಿ ಮಸ್ಕತ್ತು ಕರೆಯಿತು.

ಸ್ಪೀಕರಿನಿಂದ ಮಗು ಕಿರ್ರೋ ಅಂತ ಅತ್ತಿತು. "ನನ್ ಕಂದಾ!" ಅಂದ ಅಜ್ಜಿ ಬಾಣಂತನ ಶುರುಮಾಡೇ ಬಿಟ್ಟರು. "ಕಿವೀಗೆ ಅತ್ತಿ ಮಡೀಕೊಂಡಿದ್ದೀಯೇನವ್ವ? ತಣ್ಣೀರು ಮುಟ್ಬೇಡ ಕಣವ್ವ. ಮಗೀಗೆ ಸಾಂಬ್ರಾಣಿ ಒಗೆ ಆಕುದ್ಯಾ?" ಅಟೆಂಡರಣ್ಣ ಸ್ಪೀಕರನ್ನೇ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಸವರುತ್ತಿದ್ದರು. ನಾನಂತೂ ಅತ್ತೇ ಬಿಟ್ಟೆ. ಅಧಿಕಾರಿ ಕಿಟಕಿ ಕಡೆ ತಿರುಗಿಕೊಂಡು ಕನ್ನಡಕ ಒರೆಸಿಕೊಂಡರು.

ಕರೆ ಮುಗಿದ ಮೇಲೆ, "ಬಾಣಂತನ ಮುಗೀಲಿ. ಆಮೇಲೆ ಬಂದು ತೆಗೀತೀನಿ" ಅಂತ ಬ್ಯಾಗು ಎತ್ತಿಕೊಂಡರು.

ಮ್ಯಾನೇಜರಿಗೆ ತಡೆಯಲಿಲ್ಲ. "ಸಾರ್, ಪಾಸ್‌ವರ್ಡ್ ನಿಮಗೆ ಹೇಗೆ...?"

"ಬಸ್ ಸ್ಟ್ಯಾಂಡಲ್ಲಿ ಎಳನೀರಿನವಳನ್ನ ನಿಮ್ಮ ಆಫೀಸು ಎಲ್ಲಿದೆಯಮ್ಮಾ ಅಂತ ಕೇಳಿದೆ" ಅಂದರು ಅಧಿಕಾರಿ. "'ಕೆಂಪಿ ಅಂತ ಒತ್ತುದ್ರೆ ಮಸ್ಕತ್ತು ಮಾತಾಡ್ತದಲ್ಲಾ, ಆ ಆಪೀಸಾ? ಇಂಗೇ ಎಡಕ್ಕೋಗಿ ಸಾಮಿ. ಬಿರ್ನೆ ಓಗಿ, ಅನ್ನೊಂದಕ್ಕೆ ಮಗ ಅಳ್ತದೆ' ಅಂದಳು."