ಭಾವನ ಬುಧವಾರದ ವೆಳ್ಳಿ

ಎರಡು ಗಡಿಯಾರಗಳು ಒಂದೇ ಹೊತ್ತು ತೋರಿಸಿದರೆ ನಿಮಗೆ ನೆಮ್ಮದಿಯಾಗುತ್ತದೆ. ನಮ್ಮ ಭಾವನಿಗೆ ಅನುಮಾನ ಬರುತ್ತದೆ: ಇವೆರಡೂ ಮೊದಲೇ ಮಾತಾಡಿಕೊಂಡಿವೆ! ಸೇಲಂ ಜಂಕ್ಷನ್ನಿನ ಗಡಿಯಾರಕ್ಕೂ ಟೌನ್ ಬಸ್ ಕಂಡಕ್ಟರನ ವಾಚಿಗೂ ನಾಲ್ಕು ನಿಮಿಷ ವ್ಯತ್ಯಾಸವಿದ್ದರೆ ಮಾತ್ರ ಊರು ಪ್ರಾಮಾಣಿಕವಾಗಿದೆ ಎಂದು ಅವರು ನಂಬುತ್ತಾರೆ. ಇಂಥವರ ಕಂಪನಿಗೆ ‘ಸಿಂಕ್’ ಎಂಬುದು ಕಾಲಿಟ್ಟರೆ ಏನಾಗಬೇಕು? ಆದದ್ದು ಇಷ್ಟು. ಕಂಪನಿ ಕಟ್ಟಿದ ಮನುಷ್ಯನನ್ನೇ ಕಂಪನಿಯ ಲಿಸ್ಟಿನಿಂದ ತೆಗೆದುಹಾಕುವ ಮಾತು ಹುಟ್ಟಿತು.

ನಾನು ಮೂವತ್ತು ವರ್ಷ ಸೇಲಂನ ಒಂದು ತಮಿಳು ದಿನಪತ್ರಿಕೆಯಲ್ಲಿದ್ದವನು. ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬೇರೆಬೇರೆ ಬರೆಯುವುದು ಅಭ್ಯಾಸ. ಕೆಳಗಿನದು ಬಹುಮಟ್ಟಿಗೆ ಕಂಡದ್ದು.

ಭಾವ ಎಂದರೆ ನನ್ನ ಅಕ್ಕನ ಗಂಡ. ತಲೆಮಾರುಗಳಿಂದ ಸೇಲಂ ಸೀಮೆಯಲ್ಲೇ ನೆಲೆಸಿದ್ದರೂ ನಮ್ಮ ಮನೆಮಾತು ಕನ್ನಡ. ಅವರದು ಕೈಮಗ್ಗದ ಸೀರೆ, ಪಂಚೆ, ಟವೆಲ್‌ಗಳ ಕಂಪನಿ. ಆಫೀಸು ಸೇಲಂನಲ್ಲಿ, ಮಗ್ಗಗಳು ಎಡಪ್ಪಾಡಿಯಲ್ಲಿ. ಮಗ್ಗಗಳನ್ನು ನೋಡಿಕೊಳ್ಳುವವನು ಭಾವನ ತಮ್ಮ. ಯಾವ ನೇಕಾರನಿಗೆ ಯಾವತ್ತು ನೂಲು, ಯಾವ ಊರಿನಲ್ಲಿ ಯಾರು ರಾಟೆಯಲ್ಲಿ ನೂಲು ಸುತ್ತಿಕೊಡುತ್ತಾರೆ, ಎಲ್ಲವೂ ಬಹುಕಾಲ ಭಾವನ ಉದ್ದನೆಯ ನೋಟ್ ಪುಸ್ತಕದಲ್ಲೂ ಅವರ ಫೋನಿನಲ್ಲೂ ಇತ್ತು. ಜನರಿಗೆ ಫೋನು ಮಾಡಿ ಕೆಲಸ ಹೇಳುವುದೇ ಅವರ ಕೆಲಸ. ಅದೊಂದನ್ನು ಕಿತ್ತುಕೊಂಡರೆ ಕಂಪನಿಯಲ್ಲಿ ಅವರಿಗೆ ಉಳಿಯುವುದು ಒಂದು ಕುರ್ಚಿ, ಒಂದು ಫ್ಯಾನು.

ಹೋದ ವರ್ಷ ತಮ್ಮನ ಮಗಳು ಕವಿತಾ ಓದು ಮುಗಿಸಿ ಆಫೀಸಿಗೆ ಬಂದಳು. ಹೆಣ್ಣುಮಗಳು ಆಫೀಸಿನಲ್ಲಿ ಕೂರುವುದು ಅವಳ ಅಪ್ಪನಿಗೆ ಇಷ್ಟವಿರಲಿಲ್ಲ. ಭಾವ ಹಟ ಹಿಡಿದು ಕೂರಿಸಿದರು. ಅವಳು ಬಂದು ನೋಡುತ್ತಾಳೆ, ಸೇಲಂ ಆಫೀಸಿನ ಕ್ಯಾಲೆಂಡರ್ ಒಂದು ಸಾಫ್ಟ್‌ವೇರಿನಲ್ಲಿ, ಎಡಪ್ಪಾಡಿಯದು ಇನ್ನೊಂದರಲ್ಲಿ, ದೊಡ್ಡಪ್ಪನ ಫೋನಿನದು ಮೂರನೆಯದರಲ್ಲಿ. ಮೂರಕ್ಕೂ ಒಂದನ್ನೊಂದು ಕಂಡರೆ ಆಗದು. ಅವಳು ನಾಲ್ಕನೆಯದೊಂದನ್ನು ತಂದು ಮೂರನ್ನೂ ರಾಜಿ ಮಾಡಿಸಿದಳು.

“ದೊಡ್ಡಪ್ಪಾ, ನೀವು ಇಲ್ಲಿ ಬರ್ದ್ರೆ ಎಡಪ್ಪಾಡಿಲೂ ತಾನಾಗೇ ಕಾಣ್ತದೆ.”

“ತಾನಾಗೇ ಅಂದ್ರೆ ಯಾರು?”

“ಯಾರೂ ಇಲ್ಲ. ತಾನಾಗೇ.”

“ಯಾರೂ ಇಲ್ದೆ ಎಂಗಮ್ಮ ಓಯ್ತದೆ? ಬಸ್ಸೇ ಡ್ರೈವರ್ ಇಲ್ದೆ ಓಗಾಕಿಲ್ಲ.”

ಉತ್ತರ ಸಿಗದಿದ್ದಾಗ ಭಾವ ಪರೀಕ್ಷೆಗೆ ಇಳಿಯುತ್ತಾರೆ. ಒಂದು ಬೆಳಗ್ಗೆ ತಮ್ಮ ಫೋನಿನ ಕ್ಯಾಲೆಂಡರಿನಲ್ಲಿ, ಯಾರಿಗೂ ಹೇಳದೆ, ಒಂದು ಸುಳ್ಳು ಬರೆದರು: ‘ನಾಳೆ ಹನ್ನೊಂದು ಗಂಟೆ, ಓಮಲೂರು ಬಸ್ ಸ್ಟ್ಯಾಂಡು, ಟವೆಲ್ ಪಾರ್ಟಿ.’ ಮರುದಿನ ಎದುರಿನ ಟೀ ಅಂಗಡಿಯಲ್ಲಿ ಪೇಪರ್ ಅಡ್ಡ ಹಿಡಿದು ಕೂತರು. ಹನ್ನೊಂದಕ್ಕೆ ಸರಿಯಾಗಿ ಎಡಪ್ಪಾಡಿಯ ವ್ಯಾನು ಬಂತು! ಟವೆಲ್ ಮೂಟೆಗಳ ಮೇಲೆ ಕೂತು ಡ್ರೈವರ್ ಮಧ್ಯಾಹ್ನದವರೆಗೆ ಕಾದ. ಭಾವ ನಾಲ್ಕು ಟೀ ಕುಡಿದು, ವಿಜಯೋತ್ಸಾಹದಿಂದ ಆಫೀಸಿಗೆ ಮರಳಿದರು.

“ನೋಡ್ದಾ? ನಾನು ಬರ್ದಿದ್ದು ಎಡಪ್ಪಾಡಿ ತಂಕ ಓಗೈತೆ. ಎಲ್ಲೋ ಸೋರ್ತಾ ಐತೆ.”

“ದೊಡ್ಡಪ್ಪಾ,” ಎಂದಳು ಕವಿತಾ ನಿಧಾನವಾಗಿ, “ಅದುಕ್ಕೇ ಸಿಂಕ್ ಅನ್ನೋದು.”

ಟವೆಲ್ ಪ್ರಸಂಗವನ್ನು ತಮ್ಮ ಹೇಗೋ ನುಂಗಿಕೊಂಡ. ಆಮೇಲೆ ಬಂದದ್ದು ಮಾಮಂದಿರ ಪ್ರಸಂಗ.

ನಮ್ಮ ಜನರ ಫೋನು ತೆಗೆದು ನೋಡಿ. ಹೆಸರುಗಳು ಇರುವುದಿಲ್ಲ. ಮಾಮಾ, ಅಣ್ಣ, ಅಕ್ಕ, ಚಿಕ್ಕಪ್ಪ, ಇಷ್ಟೇ. ಮಗ್ಗದವನೂ ನೆಂಟ, ಬಣ್ಣ ಹಾಕುವವನೂ ನೆಂಟ, ನೆಂಟನಲ್ಲದವನನ್ನು ಹೆಸರು ಹಿಡಿದು ಕೂಗಲು ನಾಲಗೆ ಏಳುವುದಿಲ್ಲವಾದ್ದರಿಂದ ಅವನೂ ಮಾಮಾ. ಒಬ್ಬನ ಫೋನಿನೊಳಗೆ ಇದರಿಂದ ತೊಂದರೆಯಿಲ್ಲ. ಯಾವ ಮಾಮಾ ಯಾರು ಎಂದು ಅವನ ಹೆಬ್ಬೆರಳಿಗೇ ಗೊತ್ತು. ಕ್ಯಾಲೆಂಡರುಗಳ ಹಿಂದೆಯೇ ಎಲ್ಲರ ಫೋನಿನ ನಂಬರುಗಳೂ ಸಿಂಕ್ ಆಗಿ ಒಂದೇ ಲಿಸ್ಟಾದಾಗ ಸಾಫ್ಟ್‌ವೇರ್ ಹನ್ನೊಂದು ಮಾಮಂದಿರನ್ನು ಕಂಡು ಗಾಬರಿಗೊಂಡಿತು. ಇವರೆಲ್ಲ ಒಬ್ಬರೇ ತಾನೆ, ಸೇರಿಸಲೇ ಎಂದು ಕೇಳಿತು. ಕವಿತಾ ಸೇರಿಸು ಎಂದು ಒತ್ತಿದಳು.

ಹನ್ನೊಂದು ಫೋನ್ ನಂಬರುಗಳ ಒಬ್ಬ ಮಹಾಮಾಮಾ ಅವತರಿಸಿದ. ಆದರೆ ಎಡಪ್ಪಾಡಿಯ ಸಾಫ್ಟ್‌ವೇರಿನ ಕಾನೂನು ಬೇರೆ: ಅಲ್ಲಿ ಒಬ್ಬ ಮನುಷ್ಯನಿಗೆ ಮೂರೇ ನಂಬರು. ಅದು ಮೊದಲ ಮೂರನ್ನು ಇಟ್ಟುಕೊಂಡು ಉಳಿದದ್ದನ್ನು ಉದುರಿಸಿತು. ಉದುರಿದ ಸುದ್ದಿಯೂ ಸಿಂಕ್ ಆಗಿ ಸೇಲಂಗೆ ಬಂದು, ಇಲ್ಲಿಯೂ ಉದುರಿತು. ಎಂಟು ಮಾಮಂದಿರು ಇಲ್ಲವಾದರು! ಕೆಲಸಕ್ಕೆ ಕರೆಯುವ ಫೋನು ಅವರಿಗೆ ಹೋಗಲಿಲ್ಲ.

ಭಾವನ ಫೋನಿನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ತಮ್ಮನ ಲಿಸ್ಟಿನಿಂದ ‘ಅಣ್ಣ’ ಎಂಬ ಹೊಸಬನೊಬ್ಬ ಬಂದು ಕೂತಿದ್ದ. ಭಾವನಿಗೆ ಅಣ್ಣನೇ ಇಲ್ಲ. ಯಾರಿವನು ಎಂದು ಒತ್ತಿ ಕಿವಿಗಿಟ್ಟರು. ಬಿಜಿ. ಸಂಜೆಯವರೆಗೆ ಏಳು ಸಲ ಮಾಡಿದರು. ಏಳು ಸಲವೂ ಬಿಜಿ.

“ಅವ್ನು ಯಾರೋ ಬೆಳಗ್ಗಿಂದ ಮಾತಾಡ್ತಾನೇ ಅವ್ನೆ ಕಣ್ಲಾ,” ಎಂದರು ನನಗೆ. “ಇಷ್ಟೊತ್ತು ಯಾರ್ ಜೊತೆ ಮಾತಾಡ್ತಾನೆ? ನಮ್ಮ ಯಾಪಾರದ ಮಾತೇ ಇರ್ಬೇಕು.”

ನಂಬರು ನೋಡಿದೆ. “ಬಾವ, ಇದು ನಿಮ್ದೇ ನಂಬರು. ನಿಮಗೇ ನೀವು ಫೋನ್ ಮಾಡ್ತಾ ಇದೀರಿ.”

ಭಾವ ಫೋನನ್ನು ಹಿಂದೆಮುಂದೆ ತಿರುಗಿಸಿ ನೋಡಿದರು. “ಸರಿ. ನನ್ನ ನಂಬರು ಎಡಪ್ಪಾಡಿಯಿಂದ ಯಾಕೆ ಬತ್ತೈತೆ?” ಎಂದರು.

ಮಾಮಂದಿರು ಸುಮ್ಮನಿರುವ ಜಾತಿಯಲ್ಲ. ಆಫೀಸಿಗೆ ಬಂದು ಮೇಜು ಕುಟ್ಟಿದರು, ಮದುವೆ ಮನೆಗಳಲ್ಲಿ ಮುಖ ತಿರುಗಿಸಿದರು. ಕವಿತಾ ಒಬ್ಬೊಬ್ಬರ ಹೆಸರು ಕೇಳಿ ಬರೆದು ಎಲ್ಲರನ್ನೂ ವಾಪಸು ಸೇರಿಸಿದಳು. ತಪ್ಪೆಲ್ಲ ಸಾಫ್ಟ್‌ವೇರಿನ ತಲೆಗೆ ಹೋಯಿತು, ಗೊಂದಲ ಮುಗಿಯಿತು ಎಂದುಕೊಂಡೆವು. ಮುಗಿಯಲಿಲ್ಲ. ಭಾವ ಯಾಕೋ ಹಳೆಯ ನೋಟ್ ಪುಸ್ತಕವನ್ನು ಬೀರುವಿನಿಂದ ತೆಗೆದು, ಕಂಕುಳಲ್ಲಿಟ್ಟುಕೊಂಡು ತಿರುಗತೊಡಗಿದರು. ಮಧ್ಯಾಹ್ನ ಊಟ ಮುಗಿಸಿ ಮಾಯವಾಗುತ್ತಿದ್ದರು. ಎಲ್ಲಿಗೆ ಎಂದರೆ “ಇಲ್ಲೇ” ಎನ್ನುತ್ತಿದ್ದರು. ಇಲ್ಲೇ ಹೋದವರು ಸಂಜೆ ರೈಲಿನ ಧೂಳು ಹೊತ್ತು ಬರುತ್ತಿದ್ದರು.

ಆಗ ಕಂಪನಿಯ ಕ್ಯಾಲೆಂಡರಿನಲ್ಲಿ, ಎಲ್ಲರ ಕಣ್ಣಿಗೂ ಬೀಳುವಂತೆ, ಒಂದು ಸಾಲು ಕಾಣಿಸಿತು. ಭಾವ ತಮ್ಮ ಫೋನಿನಲ್ಲಿ ತಮಗೆಂದು ಬರೆದುಕೊಂಡದ್ದು ಸಿಂಕ್ ಆಗಿತ್ತು. ತಮಿಳು ಅಕ್ಷರದಲ್ಲಿ: ‘ಬುಧವಾರ ನಾಲ್ಕು ಗಂಟೆ, ವೆಳ್ಳಿ, ಮೊರಪ್ಪೂರು.’ ಮೂರು ವಾರಗಳಿಂದ ಅದೇ ಸಾಲು.

ತಮಿಳಿನಲ್ಲಿ ವೆಳ್ಳಿ ಎಂದರೆ ಶುಕ್ರವಾರ. ಬೆಳ್ಳಿಯೂ ಹೌದು. ಕವಿತಾ ಶುಕ್ರವಾರ ಎಂದೇ ಓದಿ, ಬುಧವಾರದ ಮನೆಯೊಳಗೆ ಶುಕ್ರವಾರ ಹೇಗೆ ಬಂತೆಂದು ಎರಡು ದಿನ ಸಾಫ್ಟ್‌ವೇರನ್ನು ಬಿಚ್ಚಿ ಕೂತಳು. ಅವಳ ಅಪ್ಪ ಬೆಳ್ಳಿ ಎಂದು ಓದಿದ. ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆಯ ಕೆಲಸ ಇಲ್ಲದ ಬೀದಿ ಕಡಿಮೆ. ಅಣ್ಣ ಗುಟ್ಟಾಗಿ ಬೆಳ್ಳಿ ವ್ಯಾಪಾರ ತೆಗೆಯುತ್ತಿದ್ದಾನೆ, ನಮ್ಮ ಗಿರಾಕಿಗಳ ಲಿಸ್ಟು ಹೊತ್ತುಕೊಂಡು ಹೋಗುತ್ತಿದ್ದಾನೆ ಎಂದು ತೀರ್ಮಾನಿಸಿದ. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿದ.

“ನಾನು ಬರ್ದಿದ್ದು ವೆಳ್ಳಿ ಅಲ್ಲ. ಯಾರೋ ತಿದ್ದವ್ರೆ,” ಎಂದರು ಭಾವ.

“ಮತ್ತೇನು ಬರ್ದೆ?”

ಭಾವ ನೋಟ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಎದ್ದು ಹೋದರು. ನನ್ನ ಅಕ್ಕ ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಪಕ್ಕಕ್ಕೆ ಕರೆದಳು.

“ಬೆಳ್ಳಿ ಅಂದ್ರೆ ಎಂಗಸ್ರ ಎಸ್ರು ಅಲ್ವೇನ್ಲಾ?”

“ಅಕ್ಕಾ, ಅವರಿಗೆ ಅರವತ್ತೆಂಟು.”

“ಅದುಕ್ಕೇ ರೈಲಲ್ಲಿ ಓಯ್ತಾರೆ. ಸೈಕಲ್ ತುಳಿಯಾಕಾಗಲ್ವಲ್ಲ.”

ಭಾವನ ತಮ್ಮ ನನಗೆ ಎಂಟು ದಿನದ ಗಡುವು ಕೊಟ್ಟ. “ಅಣ್ಣಾ, ನೀವು ಪೇಪರ್‌ನೋರು. ಎಲ್ಲಿಗೋಯ್ತಾರೆ, ಯಾರನ್ನ ನೋಡ್ತಾರೆ, ತಿಳ್ಕಂಬನ್ನಿ. ಇಲ್ದಿದ್ರೆ ಕಂಪನಿ ಲಿಸ್ಟಿಂದ ಅವ್ರ ಎಸ್ರು ತೆಗೆದುಬುಡ್ತೀನಿ. ಆಮೇಲೆ ಯಾರಿಗೂ ಅವ್ರು ಕೆಲ್ಸ ಏಳಂಗಿಲ್ಲ.”

ಬುಧವಾರ ನಾನೂ ರೈಲು ಹತ್ತಿದೆ. ಎರಡು ಬೋಗಿ ಹಿಂದೆ, ತಲೆಗೆ ಟವೆಲ್ ಸುತ್ತಿಕೊಂಡು. ಹಿಂಬಾಲಿಸುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಮೊರಪ್ಪೂರು ಪ್ಲಾಟ್‌ಫಾರಂನಲ್ಲಿ ಇಳಿದು ಕಂಬದ ಮರೆಗೆ ನಿಂತೆ. ಭಾವ ನೇರ ಕಂಬದ ಬಳಿಗೇ ಬಂದರು.

“ಟವೆಲ್ ನಮ್ಮ ಮಗ್ಗದ್ದು ಕಣ್ಲಾ. ಅಂಚು ನೋಡಿದ್ರೆ ಗೊತ್ತಾಗಲ್ವಾ? ಯಾರು ಕಳ್ಸಿದ್ದು ನಿನ್ನ?”

“ಯಾರೂ ಇಲ್ಲ. ತಾನಾಗೇ ಬಂದೆ.”

“ಬಾ,” ಎಂದರು. “ಈ ಚೀಲ ಇಡ್ಕೋ.”

ಚೀಲದಲ್ಲಿ ನೂಲಿನ ಲಡಿಗಳಿದ್ದವು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದು ಹೆಂಚಿನ ಮನೆ, ಅಂಗಳದಲ್ಲಿ ನಾಲ್ಕು ಕುರಿ. ಜಗುಲಿಯ ಮೇಲೆ ವಯಸ್ಸಾದ ಹೆಂಗಸೊಬ್ಬಳು ರಾಟೆಯ ಮುಂದೆ ಕೂತಿದ್ದಳು. ಭಾವ ಲಡಿಗಳನ್ನು ಅವಳ ಪಕ್ಕಕ್ಕಿಟ್ಟರು.

“ಯಾರ್ ಸಾಮಿ ಇವ್ರು?”

“ನಮ್ಮ ಮನೇವ್ಳ ತಮ್ಮ. ಪೇಪರ್ನಾಗಿದ್ದ. ಈಗ ನನ್ನ ಇಂದೆ ಬಿದ್ದವ್ನೆ. ಲೇ, ಇವ್ಳೇ ಬೆಳ್ಳಿ ಅಕ್ಕ.”

ಬೆಳ್ಳಿ ಅಕ್ಕ ನೂಲನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಆಮೇಲೆ ನನ್ನ ಕಡೆಗೆ ತಿರುಗಿ, ದೂರಿಲ್ಲದ ದನಿಯಲ್ಲಿ ಹೇಳಿದಳು: “ಎರಡು ತಿಂಗ್ಳು ಪೋನೇ ಬರ್ಲಿಲ್ಲ ಸಾಮಿ. ಕಣ್ಣು ಮಂಜಾಗೈತೆ, ನನ್ ಸುತ್ತು ಸರಿ ಬತ್ತಿಲ್ಲ, ಅದುಕ್ಕೆ ಬುಟ್ಬುಟ್ರು ಅಂದ್ಕಂಡೆ.”

ಮರಳುವ ರೈಲಿಗೆ ಕಾಯುತ್ತಾ ಬೆಂಚಿನ ಮೇಲೆ ಭಾವ ಪುಸ್ತಕ ಬಿಚ್ಚಿದರು. ಮಾಮಂದಿರನ್ನು ಸೇರಿಸಿದ ದಿನವೇ ಸಾಫ್ಟ್‌ವೇರ್ ಅಕ್ಕಂದಿರನ್ನೂ ಸೇರಿಸಿತ್ತು. ನೂಲು ಸುತ್ತುವ ಒಂಬತ್ತು ಹೆಂಗಸರು ಒಬ್ಬ ಅಕ್ಕನಾಗಿ, ಮೂರು ನಂಬರು ಉಳಿದು ಆರು ಉದುರಿದ್ದವು. ಪುಸ್ತಕದಲ್ಲಿ ಅವರ ಹೆಸರು, ಊರು ಇತ್ತು. ನಂಬರು ಫೋನಿನಲ್ಲಿ ಮಾತ್ರ. ಹಾಗಾಗಿ ಭಾವ ಊರೂರು ಹುಡುಕಿಕೊಂಡು ಹೋಗುತ್ತಿದ್ದರು. ಬೆಳ್ಳಿ ಎಂದು ತಮಿಳಿನಲ್ಲಿ ಹೇಗೋ ಹೊಡೆದದ್ದನ್ನು ಫೋನು ತನಗೆ ಗೊತ್ತಿದ್ದ ವೆಳ್ಳಿಗೆ ತಿದ್ದಿತ್ತು. ಯಾರೋ ತಿದ್ದವ್ರೆ ಎಂದದ್ದು, ದಾಖಲೆಗಾಗಿ ಹೇಳುತ್ತೇನೆ, ಅಕ್ಷರಶಃ ನಿಜ.

“ಮಾಮಂದ್ರು ಬಂದು ಕೂಗಾಡುದ್ರು, ಗೊತ್ತಾಯ್ತು,” ಎಂದರು. “ಅಕ್ಕಂದ್ರು ಕೂಗಾಡ್ಲಿಲ್ಲ. ಮೂರು ಜನ ಸಿಕ್ಕವ್ರೆ. ಇನ್ನೂ ಮೂರು ಐತೆ.”

“ಇದನ್ನ ನಿಮ್ಮ ತಮ್ಮನಿಗೆ ಹೇಳಬಾರದಾ ಬಾವ?”

“ಏಳುದ್ರೆ ಯಾರು ಒತ್ತಿದ್ದು ಅಂತ ಕೇಳ್ತಾನೆ. ನಾಳೆಯಿಂದ ಆ ಉಡುಗಿ ಆಫೀಸ್ಗೆ ಬರೋದು ನಿಂತೋಯ್ತದೆ. ಅವ್ನು ಅದುಕ್ಕೇ ಕಾಯ್ತಾ ಅವ್ನೆ.”

“ಈಗ ಅನುಮಾನ ನಿಮ್ಮ ಮೇಲೆ ಬಂತಲ್ಲ?”

“ನಂಗೆ ಅನುಮಾನ ಅಬ್ಯಾಸ ಐತೆ,” ಎಂದರು ಭಾವ. “ಅವ್ಳಿಗಿಲ್ಲ.”

ಗಡುವಿನ ದಿನ ಆಫೀಸಿನಲ್ಲಿ ನನ್ನ ವರದಿ ಒಪ್ಪಿಸಿದೆ. ಬೆಳ್ಳಿ ವ್ಯಾಪಾರ ಇಲ್ಲ, ಕಣ್ಣಾರೆ ಕಂಡೆ. ವಿವರ ಕೊಡಲಾರೆ, ಸುದ್ದಿಯ ಮೂಲ ಹೇಳುವುದು ನಮ್ಮಲ್ಲಿ ವಾಡಿಕೆಯಲ್ಲ ಎಂದೆ. ತಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ನೀವೂ ಅವ್ರ ಜೊತೆ ಸೇರ್ಕಂಡ್ರಾ? ಆಯ್ತು. ಕವಿತಾ, ತೆಗಿಯಮ್ಮ ದೊಡ್ಡಪ್ಪನ ಎಸ್ರ.”

ಭಾವ ಫ್ಯಾನಿನ ಕೆಳಗೆ ಕೂತಿದ್ದರು. ಕವಿತಾಳ ಕೈ ಮೌಸಿನ ಮೇಲಿತ್ತು. ಅದು ಕದಲಲಿಲ್ಲ.

“ಅಪ್ಪಾ, ಎನ್ ತಪ್ಪು ದಾನ್,” ಎಂದಳು, ಭಯಕ್ಕೆ ತಮಿಳೇ ಮೊದಲು ಬಂದು. “ನನ್ನ ತಪ್ಪು. ಅಕ್ಕಂದ್ರುನ್ನೆಲ್ಲ ಒಂದೇ ಮಾಡಿ ಒತ್ತಿದ್ದು ನಾನು. ಆರು ಜನರ ನಂಬರ್ ಓಯ್ತು. ದೊಡ್ಡಪ್ಪ ಅವ್ರುನ್ನ ಉಡುಕ್ಕೊಂಡು ಓಯ್ತಾ ಇದಾರೆ. ಆ ವೆಳ್ಳಿ ಉಡುಕ್ತಾ ಸಾಫ್ಟ್‌ವೇರ್ ಬಿಚ್ಚಿದಾಗ್ಲೇ ಕಂಡೆ, ನಂಗೆ ಅತ್ತು ದಿನದಿಂದ ಗೊತ್ತು. ಏಳಾಕೆ ಭಯ ಆಯ್ತು.”

“ಸುಳ್ಳು,” ಎಂದರು ಭಾವ. “ಒತ್ತಿದ್ದು ನಾನು.”

“ಇಲ್ಲ ದೊಡ್ಡಪ್ಪಾ, ನಾನು.”

“ನಂಗೆ ಕನ್ನಡಕ ಇಲ್ದೆ ಕಾಣಾಕಿಲ್ಲ, ಒತ್ತಿಬುಟ್ಟೆ. ಅವ್ಳು ಅವತ್ತು ಇಲ್ಲೇ ಇರ್ಲಿಲ್ಲ.”

ತಮ್ಮ ಒಮ್ಮೆ ಅಣ್ಣನನ್ನೂ ಒಮ್ಮೆ ಮಗಳನ್ನೂ ನೋಡಿದ. ಕೊನೆಗೆ ನನ್ನ ಕಡೆಗೆ ತಿರುಗಿದ. ಯಾವುದು ನಿಜ ಎಂದು ಹೇಳಬಲ್ಲವನು ಅಲ್ಲಿ ನಾನೊಬ್ಬನೇ. ಮೂವತ್ತು ವರ್ಷ ಅದಕ್ಕೇ ಸಂಬಳ ತೆಗೆದುಕೊಂಡವನು ಅವತ್ತು ಗೋಡೆ ನೋಡುತ್ತಾ ನಿಂತೆ.

ಅವನು ಕುರ್ಚಿ ಎಳೆದುಕೊಂಡು ಅಣ್ಣನ ಎದುರು ಕೂತ.

“ಇನ್ನೆಷ್ಟು ಜನ ಸಿಗ್ಬೇಕು?”

“ಮೂರು.”

“ನಾನೂ ಬತ್ತೀನಿ. ಇವ್ಳೂ ಬರ್ಲಿ, ಅವ್ರ ಎಸ್ರು ಎಲ್ಲ ಸರಿಯಾಗಿ ಬರ್ಕಳ್ಳಿ. ಬಸ್ಸಾಗಾ, ರೈಲಾಗಾ?”

ಭಾವ ಉತ್ತರವನ್ನು ತಮ್ಮನಿಗೆ ಕೊಡಲಿಲ್ಲ. ತಲೆ ತಗ್ಗಿಸಿ ಕೂತಿದ್ದ ಹುಡುಗಿಗೆ ಹೇಳಿದರು: “ರೈಲಾಗೇ ಓಗಾನ. ನೀನು ಕಿಟಕಿ ಪಕ್ಕ ಕೂತ್ಕಳಮ್ಮ. ಆ ಕಡೆ ದಾರಿಯೆಲ್ಲ ಬೆಟ್ಟ ಕಾಣ್ತದೆ.”