ಮೂರನೇ ಮೆಟ್ಟಿಲವರೆಗೆ ನೀರು

ಬೀದಿಯಲ್ಲಿ ಎಲ್ಲರೂ ಅವರನ್ನು ಅಳತೆ ಸಾಹೇಬರು ಎಂದೇ ಕರೆಯುತ್ತಿದ್ದರು. ಸೇತುವೆಯ ಕಂಬಕ್ಕೆ ಕಪ್ಪುಬಿಳುಪು ಗೆರೆಗಳಲ್ಲಿ ಬಳಿದ ಅಳತೆಪಟ್ಟಿಯ ಎದುರು ದಿನಕ್ಕೆ ಮೂರು ಸಲ ನಿಂತು, ಹೊಳೆಯ ನೀರು ಎಷ್ಟಿದೆಯೆಂದು ನೋಡಿ, ಪುಸ್ತಕದಲ್ಲಿ ಬರೆದು, ಕಚೇರಿಗೆ ಫೋನು ಮಾಡುವುದು ಅವರ ಕೆಲಸ. ಹದಿನೆಂಟು ವರ್ಷ ನಿಂತೇ ಮಾಡಿದ ಕೆಲಸ. ಹೀಗಾಗಿ ಅವರ ಬಾಳಿನ ಮಹತ್ವಾಕಾಂಕ್ಷೆ ಒಂದೇ ಒಂದು: ಕುಳಿತುಕೊಳ್ಳುವುದು. ಅದೂ ಹೇಗೆಂದರೆ ಹಾಗಲ್ಲ. ಬೆನ್ನು ಹಿಂದಕ್ಕೆ ಬಾಗುವ, ಕಾಲಿಗೆ ಹಲಗೆಯಿರುವ ಭವ್ಯ ಒರಗುಕುರ್ಚಿಯಲ್ಲಿ, ಮುಂದಿನ ಕೋಣೆಯ ದೊಡ್ಡ ಕಿಟಕಿಯ ಪಕ್ಕದಲ್ಲಿ. ಬಡಗಿಗೆ ಮುಂಗಡವನ್ನೂ ಕೊಟ್ಟಾಗಿತ್ತು. (ಹೆಂಡತಿಗೆ ಹೇಳಿರಲಿಲ್ಲ.)

ಉಳಿದ ಹಣ ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದಾಗಲೇ ಅಂಚೆಯಲ್ಲಿ ಒಂದು ಕಾಗದ ಬಂತು. ಮನೆಯ ಪ್ರವಾಹ ವಿಮೆಗೆ ಈ ವರ್ಷದ ಕಂತು ಕಟ್ಟಬೇಕಂತೆ.

"ನೋಡಿದ್ಯಾ! ಹೊಳೆ ಎಷ್ಟು ಏರುತ್ತೆ, ಎಷ್ಟು ಇಳಿಯುತ್ತೆ ಅಂತ ಊರಿಗೆಲ್ಲ ಹೇಳೋನು ನಾನು. ನನಗೇ ನೀರು ತೋರಿಸಿ ಹೆದರಿಸ್ತಾರೆ! ಈ ವಿಮೆ ಇವತ್ತೇ ರದ್ದು."

ಹೆಂಡತಿ ಅಡುಗೆಮನೆಯ ಹಿಂದಿನ ಕತ್ತಲೆ ಮೂಲೆಯಲ್ಲಿ, ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಅಂಗಿಗೆ ತೋಳು ಕೂಡಿಸುತ್ತಿದ್ದಳು. ಕೈಯಲ್ಲಿರುವುದು ಕಪ್ಪು ದಾರವೋ ನೀಲಿ ದಾರವೋ ಎಂದು ನೋಡಲು ಅವಳು ದಿನಕ್ಕೆ ಹತ್ತು ಸಲ ಹಿತ್ತಿಲ ಬಾಗಿಲಿಗೆ ಹೋಗಿಬರಬೇಕಿತ್ತು. ಮುಂದಿನ ಕೋಣೆಯ ಕಿಟಕಿಯ ಮೇಲೆ ಅವಳಿಗೂ ಏಳು ವರ್ಷದಿಂದ ಕಣ್ಣಿತ್ತು.

"ರದ್ದು ಮಾಡೋಕಾಗಲ್ಲ ರೀ," ಎಂದಳು, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳ ಸಂದಿಯಿಂದ.

"ಯಾಕಾಗಲ್ಲ? ಮನೆ ನನ್ನದು, ವಿಮೆ ನನ್ನದು, ದುಡ್ಡು ನನ್ನದು."

"ಆಗಲ್ಲ ಅಂದ್ರೆ ಆಗಲ್ಲ."

"ರದ್ದು ಮಾಡ್ಕೊಂಡು ಬಂದ್ರೆ?"

"ಮುಂದಿನ ಕೋಣೆ ನಿಮಗೆ. ಏನು ಬೇಕಾದ್ರೂ ಹಾಕ್ಕೊಳ್ಳಿ, ಹೇಗೆ ಬೇಕಾದ್ರೂ ಬಿದ್ಕೊಳ್ಳಿ. ಆಗದಿದ್ರೆ ನನ್ನ ಯಂತ್ರ ಅಲ್ಲಿಗೆ ಹೋಗುತ್ತೆ. ಸರೀನಾ?"

"ಸರಿ!"

ಅವಳು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಪುಟ್ಟ ಸೂಜಿದಿಂಬಿಗೆ ಚುಚ್ಚಿದಳು. ಸೂಜಿ ಬಾಯಲ್ಲಿಟ್ಟುಕೊಂಡು ಅವಳು ಎಂದೂ ನಗುತ್ತಿರಲಿಲ್ಲ. ಸಾಹೇಬರು ಆಗಲೇ ಇದನ್ನು ಗಮನಿಸಬೇಕಿತ್ತು. ಆದರೆ ಅವರು ಇಸ್ತ್ರಿ ಮಾಡಿದ ಅಂಗಿ ಹುಡುಕುತ್ತಿದ್ದರು.

ವಿಮೆ ಕಚೇರಿಯ ಗಾಜಿನ ಕಿಂಡಿಯ ಹಿಂದೆ ಕುಳಿತಿದ್ದ ಹೆಂಗಸು ಕಡತ ನೋಡಿ ತಲೆಯಾಡಿಸಿದಳು.

"ಇದನ್ನ ನೀವು ರದ್ದು ಮಾಡೋಕಾಗಲ್ಲ ಸಾರ್. ಮನೆ ಮೇಲೆ ಸಾಲ ಇದೆ. ಸಾಲ ತೀರೋವರೆಗೂ ಬ್ಯಾಂಕಿನವರ ಹೆಸರೂ ವಿಮೆಯಲ್ಲಿರುತ್ತೆ. ಅವರು ಒಪ್ಪಿಗೆ ಪತ್ರ ಕೊಟ್ರೆ ಮಾತ್ರ."

"ಮನೆಯಲ್ಲಿರೋನು ನಾನಲ್ವಾ?"

"ಹೌದು ಸಾರ್."

"ನೀರು ಬಂದ್ರೆ ಒದ್ದೆಯಾಗೋನು ನಾನಲ್ವಾ?"

"ಹೌದು ಸಾರ್."

"ಹಾಗಾದ್ರೆ ಈ ವಿಮೆಯಲ್ಲಿ ನಾನು ಯಾರು?"

"ಕಂತು ಕಟ್ಟೋರು ಸಾರ್," ಎಂದಳು ಅವಳು, ತುಂಬ ಮರ್ಯಾದೆಯಿಂದ.

ಸಾಹೇಬರ ಸ್ವಾಭಿಮಾನ ಅಪಾಯದ ಮಟ್ಟ ಮೀರಿ ಹರಿಯತೊಡಗಿತು. ಅದೇ ವೇಗದಲ್ಲಿ ಎರಡು ಬೀದಿ ದಾಟಿ ಬ್ಯಾಂಕಿಗೆ ಹೋದರು.

ಬ್ಯಾಂಕಿನ ಮ್ಯಾನೇಜರ್ ಸಾಧು ಮನುಷ್ಯ. ಕನ್ನಡಕ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಕೇಳುವವರು ಸಿಕ್ಕರೆ ಸಾಹೇಬರಿಗೆ ಇನ್ನೇನು ಬೇಕು? ಹದಿನೆಂಟು ವರ್ಷದ ಹೊಳೆಯ ಚರಿತ್ರೆಯನ್ನು ಮೇಜಿನ ಮೇಲೆ ಹರಿಯಬಿಟ್ಟರು. ಯಾವ ವರ್ಷ ಎಷ್ಟು ಅಡಿ, ಯಾವ ತಿಂಗಳು ಎಷ್ಟು ಅಂಗುಲ, ಎಲ್ಲ ಬಾಯಿಪಾಠ. ಹೊಳೆಗೂ ತಮ್ಮ ಹೊಸ್ತಿಲಿಗೂ ನಡುವೆ ಎಷ್ಟು ಎತ್ತರವಿದೆ ಎಂದು ತೋರಿಸಲು ಎದ್ದು ನಿಂತು ಕೈ ಚಾಚಿದರು. ಕೈ ಫ್ಯಾನಿಗೆ ತಗುಲುವುದರಲ್ಲಿತ್ತು.

"ಅಂದ್ರೆ, ನೀರಿನ ವಿಷಯದಲ್ಲಿ ನಿಮ್ಮ ಮಾತನ್ನ ನಾವು ನಂಬಬಹುದು," ಎಂದರು ಮ್ಯಾನೇಜರ್.

"ನಂಬಬಹುದು ಏನು ಸ್ವಾಮಿ, ನಂಬಲೇಬೇಕು! ನೀರಿನ ಬಗ್ಗೆ ನಾನು ಒಂದು ಮಾತು ಹೇಳಿದೆ ಅಂದ್ರೆ ಅದು ಕಲ್ಲಿನ ಮೇಲೆ ಕೆತ್ತಿದ ಹಾಗೆ."

"ಸಂತೋಷ," ಎಂದು ಮ್ಯಾನೇಜರ್ ಕಪಾಟಿನಿಂದ ಸಾಲದ ಕಡತ ತರಿಸಿದರು. ಹಾಳೆ ಮಗುಚುತ್ತ ಹೋದವರು ಒಂದು ಕಡೆ ನಿಂತರು. "ಈ ಕಾಗದ ನಿಮ್ಮದೇ ಅಲ್ವಾ?"

ಕಾಗದವನ್ನು ನೋಡಿದ್ದೇ ತಡ, ಸಾಹೇಬರು ಇದ್ದಕ್ಕಿದ್ದಂತೆ ಕುಳಿತುಬಿಟ್ಟರು.

ಏಳು ವರ್ಷದ ಹಿಂದೆ ಮನೆ ಕೊಳ್ಳುವಾಗ, ಮಾರುವವನು ಬೆಲೆ ಇಳಿಸಲು ಒಪ್ಪಿರಲಿಲ್ಲ. ಆಗ ಸಾಹೇಬರಿಗೆ ಒಂದು ಅಮೋಘ ಉಪಾಯ ಹೊಳೆದಿತ್ತು. ಅವನಿಗೊಂದು ಕಾಗದ ಬರೆದಿದ್ದರು. ಆ ಉಪಾಯ ಈಗ ಮೇಜಿನ ಮೇಲೆ, ಅವರ ಸಹಿಯೊಂದಿಗೆ, ಮುತ್ತಿನಂಥ ಅಕ್ಷರಗಳಲ್ಲಿ ಬಿದ್ದಿತ್ತು.

ಮ್ಯಾನೇಜರ್ ಗಟ್ಟಿಯಾಗಿ ಓದಿದರು. "ಹನ್ನೊಂದು ವರ್ಷದಿಂದ ಈ ಹೊಳೆಯನ್ನು ಅಳೆಯುತ್ತಿರುವ ನಾನು ಅಧಿಕೃತವಾಗಿ ತಿಳಿಸುವುದೇನೆಂದರೆ, ಪ್ರತಿ ಮಳೆಗಾಲದಲ್ಲೂ ತಮ್ಮ ಮನೆಯ ಮೂರನೇ ಮೆಟ್ಟಿಲವರೆಗೆ ನೀರು ಏರುತ್ತದೆ. ಇಂಥ ಮನೆಯನ್ನು ನಾನಲ್ಲದೆ ಬೇರಾರೂ ಕೊಳ್ಳಲಾರರು."

"ಅದು... ಸ್ವಲ್ಪ ಉತ್ಪ್ರೇಕ್ಷೆ," ಎಂದರು ಸಾಹೇಬರು. ಅವರ ಸ್ವರ ಬೇಸಿಗೆಯ ಹೊಳೆಯಂತೆ ತೆಳ್ಳಗಾಗಿತ್ತು. "ಇದು ನಿಮಗೆ ಹೇಗೆ ಸಿಕ್ತು?"

"ಬೆಲೆ ಯಾಕಿಷ್ಟು ಕಡಿಮೆ ಅಂತ ಕೇಳಿದ್ದಕ್ಕೆ ಮನೆ ಮಾರಿದವರೇ ತಂದುಕೊಟ್ರು. ಇದನ್ನ ಓದಿಯೇ ನಾವು ಪ್ರವಾಹ ವಿಮೆ ಬೇಕೇ ಬೇಕು ಅಂದದ್ದು. ಈಗ ಹೇಳಿ. ಆಗ ಬರೆದದ್ದು ನಿಜವೋ, ಈಗ ಹೇಳಿದ್ದು ನಿಜವೋ? ಆಗಿನದು ಸುಳ್ಳು ಅಂತ ಬರೆದುಕೊಟ್ರೆ ಪರಿಶೀಲಿಸೋಣ. ಒಂದು ಪ್ರತಿ ನಿಮ್ಮ ಕಚೇರಿಗೂ ಕಳಿಸಬೇಕಾಗುತ್ತೆ, ನೀವು ಅಧಿಕೃತವಾಗಿ ಅಂತ ಬರೆದಿದ್ದೀರಲ್ಲ."

ಸಾಹೇಬರು ಒಮ್ಮೆ ಫ್ಯಾನು ನೋಡಿದರು, ಒಮ್ಮೆ ನೆಲ ನೋಡಿದರು.

"ಮೂರನೇ ಮೆಟ್ಟಿಲವರೆಗೂ ಬರುತ್ತೆ," ಎಂದು ಒಪ್ಪಿಕೊಂಡರು. "ಒಂದೊಂದು ವರ್ಷ ನಾಲ್ಕನೇದಕ್ಕೂ ಬರುತ್ತೆ."

"ಹಾಗಾದ್ರೆ ವಿಮೆ ಇರಲಿ," ಎಂದು ಮ್ಯಾನೇಜರ್ ಎದ್ದು ಕೈಕುಲುಕಿದರು. "ನೀರು ಬಲ್ಲವರು ನೀವು. ನಿಮಗೆ ನಾವು ಹೇಳೋದೇನಿದೆ?"

ಮನೆಯ ಮೆಟ್ಟಿಲುಗಳು ಒಣಗಿ ಬೆಳ್ಳಗೆ ಹೊಳೆಯುತ್ತಿದ್ದವು. ಅವನ್ನು ಶಪಿಸುತ್ತ ಹತ್ತುವಾಗ ಒಳಗಿನಿಂದ ಟಕಟಕ ಶಬ್ದ ಕೇಳಿಸಿತು. ಮುಂದಿನ ಕೋಣೆಯ ಕಿಟಕಿಯ ಬೆಳಕು ಹೊಲಿಗೆ ಯಂತ್ರದ ಮೇಲೆ, ಬಟ್ಟೆಯ ಮೇಲೆ, ಹೆಂಡತಿಯ ಕೈಬೆರಳುಗಳ ಮೇಲೆ ಧಾರಾಳವಾಗಿ ಸುರಿಯುತ್ತಿತ್ತು. ಬಣ್ಣದ ದಾರದ ಉಂಡೆಗಳು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದವು. ಏಳು ವರ್ಷದಲ್ಲಿ ಮೊದಲ ಸಲ ಅವು ತಮ್ಮ ತಮ್ಮ ಬಣ್ಣದಲ್ಲಿ ಕಾಣಿಸುತ್ತಿದ್ದವು. ಅವಳು ಕೆಲಸದ ನಡುವೆ ಸಣ್ಣಗೆ ಗುನುಗುತ್ತಿದ್ದಳು.

"ನಾನು ಇನ್ನೂ ಏನೂ ಹೇಳೇ ಇಲ್ಲ! ಆಗಲೇ ಯಂತ್ರ ತಂದು ಹಾಕ್ಕೊಂಡ್ಯಾ?"

"ನೀವು ಬೀದಿ ತಿರುವು ದಾಟಿದ ಕೂಡ್ಲೇ ತಂದೆ. ಮೂರನೇ ಮೆಟ್ಟಿಲು ಸಿಕ್ತಾ ಬ್ಯಾಂಕಲ್ಲಿ?"

"ನಿನಗೆ ಹೇಗೆ ಗೊತ್ತು?"

"ಒಳ್ಳೆ ಚೆನ್ನಾಗಿದೆ! ನಿಮ್ಮ ಕೋಳಿಕಾಲು ಅಕ್ಷರ ಯಾರಿಗೂ ಓದೋಕಾಗಲ್ಲ ಅಂತ ಆ ಕಾಗದ ನನ್ನ ಕೈಲೇ ಬರೆಸಿದ್ರಲ್ಲ? ಅದನ್ನ ಬ್ಯಾಂಕಿಗೆ ಕೊಟ್ಟಿದ್ದೀವಿ ಅಂತ ಮನೆ ಮಾರಿದವರ ಹೆಂಡತಿ ಆಗಲೇ ನನಗೆ ಹೇಳಿದ್ರು. ಒಂದೇ ಮೆಟ್ಟಿಲು ಸಾಕು ರೀ ಅಂತ ಹೇಳಿದ್ದೆ. ಕೇಳಿದ್ರಾ?"

ಆಗ ಸಾಹೇಬರ ಕಣ್ಣು ಯಂತ್ರದ ಪಕ್ಕಕ್ಕೆ ಹೋಯಿತು. ಅಲ್ಲಿ, ಬೆನ್ನು ಬಾಗಿಸಿಕೊಂಡು, ಕಾಲಹಲಗೆ ಚಾಚಿಕೊಂಡು, ಅವರ ಜೀವನದ ಗುರಿ ಬಂದು ಕುಳಿತಿತ್ತು. ಅದರ ಮೇಲೆ ಪಕ್ಕದ ಮನೆಯಾಕೆ ಕಣ್ಣು ಅರ್ಧ ಮುಚ್ಚಿ ಒರಗಿದ್ದಳು.

"ಬಡಗಿ ತಂದಿಟ್ಟು ಹೋದ," ಎಂದಳು ಹೆಂಡತಿ. "ಉಳಿದ ದುಡ್ಡು ನನ್ನ ಹೊಲಿಗೆ ಡಬ್ಬಿಯಿಂದ ಕೊಟ್ಟೆ. ಬಟ್ಟೆ ಕೊಡೋಕೆ ಬಂದವರು ಕೂರೋದಕ್ಕೆ ಏನಾದ್ರೂ ಬೇಕಿತ್ತು ನೋಡಿ."

"ಆಹಾ, ಎಂಥಾ ಕುರ್ಚಿ ಅಕ್ಕಾ!" ಎಂದಳು ಪಕ್ಕದ ಮನೆಯಾಕೆ, ಕಣ್ಣು ತೆರೆಯದೆ. "ನಾಳೆ ಇನ್ನೂ ಎರಡು ಅಂಗಿ ತರ್ತೀನಿ."

"ನಾನೆಲ್ಲಿ ಕೂರಲಿ?" ಎಂದರು ಸಾಹೇಬರು.

ಹೆಂಡತಿ ತಲೆಯೆತ್ತಿದಳು. ಬಾಯಲ್ಲಿ ಒಂದೂ ಸೂಜಿ ಇರಲಿಲ್ಲ.

"ಹೊರಗೆ ಅಷ್ಟೊಂದು ಮೆಟ್ಟಿಲಿದೆಯಲ್ಲ ರೀ. ನಾಲ್ಕನೇದರ ಮೇಲೆ ಕೂತ್ಕೊಳ್ಳಿ. ಅಲ್ಲಿಗೆ ನೀರು ಬರಲ್ಲ."

ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ತಾವು ಬ್ಯಾಂಕಿನಲ್ಲಿ ಹೇಳಿ ಬಂದದ್ದು ನೆನಪಾಗಿ, ಹೋಗಿ ಐದನೆಯದರ ಮೇಲೆ ಕುಳಿತರು.