ಡಿಕ್ಕಿಗೊಂದು ದೊಡ್ಡ ಜರಡಿ

ಜಿಯಾಯಿ ಊರಿನಲ್ಲಿ ಹಬೆಯ ಬನ್ನು ಮಾಡಿ ಮಾರುವ ಜಿನ್‌ಫಾನಿಗೆ ಬಾರದ ವಿದ್ಯೆಯೇ ಇಲ್ಲ. ಹಾಗೆ ಹೇಳುವವನು ಜಿನ್‌ಫಾ ಒಬ್ಬನೇ. ತಮ್ಮನ ಮದುವೆಯ ಹಿಂದಿನ ದಿನ ಅವನು ಹೆಂಡತಿ ಯೂಲಾನ್‌ಳ ಮುಂದೆ ಸಾರಿದ:

"ಮದುಮಗಳನ್ನ ಕರೆತರೋ ಕಾರು ಹೇಗೆ ಹೊಳೀಬೇಕು ಅಂದ್ರೆ, ಅದನ್ನ ನೋಡ್ಕೊಂಡು ಗಡ್ಡ ಹೆರ್ಕೋಬಹುದು."

"ಗಡ್ಡ ಬಚ್ಚಲಲ್ಲೇ ಹೆರ್ಕೋ. ಅದು ನಮ್ಮಪ್ಪನ ಕಾರು."

ಮಾವನ ಆ ಕಪ್ಪು ಕಾರು ಮನೆಮಗಳಿಗಿಂತ ಮುದ್ದಿನಿಂದ ಬೆಳೆದದ್ದು. ಮಳೆ ಬಂದರೆ ಹೊರಗೆ ಬರದು, ಬಿಸಿಲಿದ್ದರೂ ಬರದು. ಸಂತೆಗೆ ಮಾವ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಕಾರು ಹೊದ್ದು ಮಲಗಿರುತ್ತಿತ್ತು. ಅಳಿಯನ ಕೈಗೆ ಅದರ ಕೀಲಿ ಬಂದದ್ದು ಇದೇ ಮೊದಲು. ಅದೂ "ಕೂದಲೆಳೆಯಷ್ಟು ಗೀರೂ ಬೀಳಲ್ಲಪ್ಪಾ" ಎಂದು ಮಗಳು ಮಾತು ಕೊಟ್ಟ ಮೇಲೆ. ಈಗ ಮಾವನಿಂದ ಭೇಷ್ ಅನ್ನಿಸಿಕೊಳ್ಳದಿದ್ದರೆ ಈ ಜನ್ಮದಲ್ಲಿ ಇಲ್ಲ ಎಂದು ಜಿನ್‌ಫಾನಿಗೆ ಗೊತ್ತಿತ್ತು.

ಡಿಕ್ಕಿಯ ಮೇಲೆ ನೀರಿನ ಕಲೆಯೊಂದಿತ್ತು. ಜಿನ್‌ಫಾ ಗಿರಗಿರನೆ ತಿರುಗುವ ಪಾಲಿಶ್ ಮಿಷನ್ ಒಂದನ್ನೂ ಅದರ ಮೂತಿಗೆ ಅಂಟಿಸುವ ಮೂರು ಬಗೆಯ ಪ್ಯಾಡುಗಳನ್ನೂ ತಂದ. "ಮೊದಲು ಮೆತ್ತನೇದು ಹಾಕಿ. ಕಲೆ ಹೋಗದಿದ್ರೆ ಮಾತ್ರ ಗಟ್ಟೀದು" ಎಂದಿದ್ದ ಅಂಗಡಿಯವನು.

ಮನೆಗೆ ಬಂದು ಜಿನ್‌ಫಾ ಮೂರನ್ನೂ ಕೆನ್ನೆಗೆ ಒತ್ತಿ ನೋಡಿದ. ಹಳದಿ ಸ್ಪಂಜು ಪಾತ್ರೆ ತಿಕ್ಕುವ ನಾರಿನಂತಿತ್ತು. ಕಪ್ಪು ಸ್ಪಂಜು ಪರವಾಗಿಲ್ಲ. ಉಣ್ಣೆಯದಂತೂ ಅಜ್ಜಿಯ ಮಡಿಲು.

"ಇದೇ ಮೆತ್ತನೇದು."

"ಅಂಗಡಿಯವನನ್ನ ಇನ್ನೊಂದ್ಸಲ ಕೇಳಬಾರದಾ?" ಎಂದಳು ಯೂಲಾನ್.

"ಸ್ವೆಟರ್ ಹಾಕ್ಕೊಂಡು ಯಾರಿಗಾದ್ರೂ ಗೀರು ಬಿದ್ದದ್ದುಂಟಾ?"

ಉಣ್ಣೆ ಕೆನ್ನೆಗೆ ಅಜ್ಜಿ, ಬಣ್ಣಕ್ಕೆ ಉಪ್ಪುಕಾಗದ. ಮೂರರಲ್ಲಿ ಎಲ್ಲಕ್ಕಿಂತ ಒರಟಾಗಿ ತೇಯುವುದು ಅದೇ ಎಂದು ಪಾಪ ಅವನಿಗೇನು ಗೊತ್ತು. ನೆರಳಿನಲ್ಲಿ ಉಜ್ಜಿದಾಗ ಎಲ್ಲ ಚೆನ್ನಾಗಿಯೇ ಕಂಡಿತು. ಕಾರನ್ನು ಬಿಸಿಲಿಗೆ ತಂದದ್ದೇ ತಡ, ಡಿಕ್ಕಿಯ ತುಂಬ ಸುರುಳಿ ಸುರುಳಿ ಗೀರುಗಳು ಎದ್ದು ಕುಳಿತವು. ಗಾಬರಿಯಲ್ಲಿ ಕಪ್ಪು ಸ್ಪಂಜನ್ನು ಕೈಗೆತ್ತಿಕೊಂಡ, ಅದು ಜಾರಿ ನೆಲಕ್ಕೆ ಬಿತ್ತು. ಉಫ್ ಎಂದು ಊದಿ ಮಿಷನ್ನಿಗೆ ಅಂಟಿಸಿ ಉಜ್ಜಿದ. ಊದಿದರೆ ಹೋಗದ ಮರಳು ಅದರಲ್ಲಿ ಉಳಿದಿತ್ತು. ಸುರುಳಿಗಳ ಮೇಲೆ ಇನ್ನೊಂದು ಸುತ್ತು ಸುರುಳಿ.

"ಒರೆಸು ಅಂದಿದ್ದೆ. ಉಜ್ಜು ಅಂದಿದ್ನಾ?" ಎಂದಳು ಯೂಲಾನ್.

"ನೆರಳಲ್ಲಿ ಕಾಣಲ್ಲ ಕಣೆ."

"ಮದುವೆ ಬಿಸಿಲಲ್ಲಿ ಕಣೋ."

ಆಗ ಅವನ ಕಣ್ಣಿಗೆ ಬಿದ್ದದ್ದು ಮದುವೆಗೆಂದು ತಂದಿಟ್ಟ ಬಿದಿರಿನ ಜರಡಿ. ದೆವ್ವಪಿಶಾಚಿ ಹತ್ತಿರ ಸುಳಿಯದಿರಲೆಂದು ಮದುಮಗಳ ಕಾರಿನ ಹಿಂದೆ ಕಟ್ಟುವಂಥದ್ದು. ಇದನ್ನೇ ಇನ್ನಷ್ಟು ದೊಡ್ಡದು ಕಟ್ಟಿದರೆ? ಜಿನ್‌ಫಾ ಬಿದಿರಿನಂಗಡಿಗೆ ಓಡಿದ. ಅವನು ಕೈ ಅಗಲಿಸಿ ತೋರಿಸಿದ ಅಳತೆ ನೋಡಿ ಅಂಗಡಿಯ ಅಜ್ಜಿ ಕೇಳಿದಳು:

"ಅಷ್ಟು ದೊಡ್ಡ ದೆವ್ವ ಹಿಡಿದಿದೆಯೇನಪ್ಪಾ ಆ ಹುಡುಗಿಗೆ?"

"ಹುಡುಗಿಗಲ್ಲ ಅಜ್ಜಿ" ಎಂದು ಹಣ ಕೊಟ್ಟು ಬಂದ.

ಮದುವೆಯ ದಿನ ಜರಡಿ ಡಿಕ್ಕಿಯನ್ನು ಪೂರ್ತಿ ಮುಚ್ಚಿತ್ತು. ಮದುಮಗಳನ್ನು ಕರೆತಂದ ಕಾರು ಗಂಡಿನ ಮನೆ ಮುಂದೆ ನಿಂತಿತು, ಪಟಾಕಿ ಸಿಡಿಯಿತು. ಕೋಟು ತೊಟ್ಟ ಮಾವ ಬಾಗಿಲಲ್ಲೇ ನಿಂತಿದ್ದರು. ಜಿನ್‌ಫಾ ಗೆದ್ದೆನೆಂದು ಉಸಿರು ಬಿಡುವಷ್ಟರಲ್ಲಿ, ಶಾಸ್ತ್ರ ನಡೆಸುವ ಮುತ್ತೈದೆ ನೆಟ್ಟಗೆ ಡಿಕ್ಕಿಯ ಬಳಿ ಹೋಗಿ ಜರಡಿಯ ಗಂಟು ಬಿಚ್ಚತೊಡಗಿದಳು.

ಮದುಮಗಳು ಇಳಿಯುವಾಗ ಅದೇ ಜರಡಿಯನ್ನು ಅವಳ ತಲೆಯ ಮೇಲೆ ಹಿಡಿಯಬೇಕು. ಜಿನ್‌ಫಾನ ಮದುವೆಯಲ್ಲಿ ಯೂಲಾನ್‌ಳ ತಲೆಯ ಮೇಲೂ ಹಿಡಿದಿದ್ದರು. ಮರೆತೇ ಹೋಗಿತ್ತು.

"ಜರಡಿ ಇರಲಿ ಬಿಡೀಮ್ಮಾ" ಎಂದು ಅಡ್ಡ ಹಾರಿದ. "ಛತ್ರಿ ಹಿಡಿಯೋಣ, ಕರೀ ಛತ್ರಿ."

ಇಡೀ ಬೀದಿಯ ಕಣ್ಣು ಮದುಮಗಳ ಹೊಟ್ಟೆಯತ್ತ ತಿರುಗಿತು. ಜರಡಿಯ ಬದಲು ಕರೀ ಛತ್ರಿ ಹಿಡಿಯುವುದು ಬಸುರಿ ಮದುಮಗಳಿಗೆ ಮಾತ್ರ. ಮದುಮಗಳ ಮುಖ ಕೆಂಪಾಯಿತು.

"ಅಣ್ಣಾ, ಬಾಯಿ ಮುಚ್ಚು" ಎಂದ ತಮ್ಮ ಹಲ್ಲು ಕಚ್ಚಿ.

ಜರಡಿ ಮದುಮಗಳ ತಲೆಯ ಮೇಲೇರಿ ಒಳಗೆ ಹೋಯಿತು. ಡಿಕ್ಕಿ ಮಟಮಟ ಮಧ್ಯಾಹ್ನದಲ್ಲಿ ಬೆತ್ತಲಾಗಿ ನಿಂತಿತು. ಮಾವ ಹತ್ತಿರ ಬಂದು ಕನ್ನಡಕ ಹಾಕಿಕೊಂಡರು.

ಯೂಲಾನ್ ಗಂಡನ ಪಕ್ಕಕ್ಕೆ ಬಂದು ನಿಂತಳು. "ಅಪ್ಪಾ, ಮಾತು ಕೊಟ್ಟೋಳು ನಾನು. ಬೈಯೋದಿದ್ರೆ ನನ್ನನ್ನೂ ಸೇರಿಸಿ ಬೈಯಿರಿ." ಜಿನ್‌ಫಾನಿಗೆ ಅವಳ ಮೇಲೆ ಅಂದು ಹುಟ್ಟಿದ ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ.

"ಯಾವುದರಲ್ಲಿ ಉಜ್ಜಿದೆ?" ಎಂದರು ಮಾವ.

"ಮಿಷನ್‌ಗೆ ಉಣ್ಣೆ ಹಾಕಿ, ಮಾವ. ಮೆತ್ತಗಿತ್ತು."

ಮಾವ ಸುರುಳಿಗಳ ಮೇಲೆ ಬೆರಳಾಡಿಸಿ ನಿಟ್ಟುಸಿರಿಟ್ಟರು. "ಹೋಗ್ಲಿ. ಗೀರು ಬೀಳುತ್ತೆ ಅಂತ ಇಷ್ಟು ದಿನ ಹೆದರಿದ್ದಾಯ್ತು, ಬಿದ್ದೂ ಆಯ್ತು. ಇನ್ಮೇಲೆ ನಿಮ್ಮತ್ತೇನ ಸಂತೆಗೆ ಇದರಲ್ಲೇ ಕರ್ಕೊಂಡು ಹೋಗ್ತೀನಿ. ಪಾಪ, ಸ್ಕೂಟರಲ್ಲಿ ನೆನೆದು ನೆನೆದು ಸಾಕಾಗಿದೆ ಅವಳಿಗೆ."

ಜಿನ್‌ಫಾನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮಾವ ಒಳಗೆ ಹೋಗಿ, ಕೆಲಸ ಮುಗಿದ ಜರಡಿಯನ್ನು ತಂದು ಅವನ ಎರಡೂ ಕೈಗಿಟ್ಟರು.

"ತಗೋ, ಮನೆಗೆ ಹೋಗಿ ಇದನ್ನ ಆ ಮಿಷನ್ ಮೇಲೆ ಕಟ್ಟು. ದೆವ್ವ ಇರೋದು ಅಲ್ಲಿ."